ಮೂಸಿ ಹಾಕಿದ ಸಹಿ

೧೧ ಮಾರ್ಚ್, ಮಂಗಳವಾರ

ವಿಷ ಇರಲಿಲ್ಲ. ಬರೆದು ನೋಡಿದರೆ ಇನ್ನಷ್ಟು ನೆಮ್ಮದಿ.

ಕಹಿ ಬಾದಾಮಿ ಎಣ್ಣೆಯಲ್ಲಿ ಸಯನೈಡ್ ಇರುತ್ತದೆ. ಅದನ್ನು ತೆಗೆದು, ಪರೀಕ್ಷೆ ಮಾಡಿ, ಆಮೇಲೆಯೇ ಎಸೆನ್ಸ್ ಹೊರಗೆ ಕಳಿಸಬೇಕೆಂಬುದು ನಮ್ಮ ಕಾರ್ಖಾನೆಯ ನಿಯಮ. ನಿನ್ನೆ ನಾನು ಬರೀ ಮೂಸಿ ನೋಡಿ ಸಹಿ ಹಾಕಿದೆ. ಇಪ್ಪತ್ತೆರಡು ವರ್ಷ ಪಳಗಿದ ಮೂಗು ಎಂಬ ಜಂಬ. ಆ ವಿಷದ ವಾಸನೆ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲವೆಂಬುದು ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು.

ನಿನ್ನೆ ಆ ಎಸೆನ್ಸ್ ಒಯ್ದಿದ್ದ ಬೇಕರಿಯವನಿಗೆ ಫೋನ್ ಮಾಡಿದೆ.

"ಮದುವೆ ಕೇಕಿಗೆ ಹಾಕಾಯ್ತಲ್ಲ ಸಾರ್. ಮುನ್ನೂರು ಜನಕ್ಕೆ. ಯಾಕೆ?"

"ನಾನು ಹೇಳೋ ತನಕ ಕಳಿಸಬೇಡ ಮಾರಾಯ."

ಅದರಲ್ಲೇ ಉಳಿಸಿಟ್ಟಿದ್ದ ಮಾದರಿ ಬಾಟಲಿಯನ್ನು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವಳ ಮುಂದಿಟ್ಟು ನಡೆದದ್ದನ್ನು ಹೇಳಿದೆ. "ಮಿಷನ್ ಯಾಕ್ ಬೇಕಿತ್ತು ಸಾರ್, ನಿಮ್ಮ ಮೂಗನ್ನೇ ಇಲ್ಲಿ ಕೂರಿಸ್ಬಹುದಿತ್ತು!" ಎಂದಳು. ಬೈಸಿಕೊಂಡು ಅಲ್ಲೇ ನಿಂತಿದ್ದೆ. ಹನ್ನೊಂದಕ್ಕೆ ಚೀಟಿ ಬಂತು: ಸಯನೈಡ್ ಪತ್ತೆಯಾಗಿಲ್ಲ.

ಓಡಿಹೋಗಿ ಬೇಕರಿಗೆ ಮತ್ತೆ ಫೋನ್ ಮಾಡಿ, ಏನೂ ತೊಂದರೆ ಇಲ್ಲ, ಇನ್ನು ಕಳಿಸು ಎಂದೆ.

"ನಂಗೊತ್ತಿತ್ತು ಬಿಡಿ. ನಿಮ್ಮ ಸಹಿ ಇತ್ತಲ್ಲ. ಕೇಕು ಒಂಬತ್ತಕ್ಕೇ ಹೋಯ್ತು."

ಕುರ್ಚಿ ತಡಕಾಡಿ ಕೂತೆ. ಆಮೇಲೆ ನಗು ಬಂತು. ಈಗಲೂ ಬರುತ್ತಿದೆ. ಅವನು ಅಷ್ಟೊಂದು ನಂಬಿದ್ದು ನನ್ನ ಸಹಿಯನ್ನೋ, ಅಥವಾ ಅದರ ಹಿಂದಿದ್ದ ಬರೀ ಮೂಗನ್ನೋ... ಸಾಕು, ಕಣ್ಣು ಎಳೆಯುತ್ತಿದೆ.