ಮೂಗು ಕೊಟ್ಟವರು

ಜೋಗುಪಾಳ್ಯ, ಹಲಸೂರು
ಭಾನುವಾರ, 19 ಸೆಪ್ಟೆಂಬರ್ 2004

ಸಂಗಾತಿ ಯಮುನಾ,

ವಂದನೆ. ಕ್ಷೇಮ ಕೇಳುವುದಿಲ್ಲ. ಗಂಡನನ್ನು ಮಣ್ಣು ಮಾಡಿ ನಾಲ್ಕು ವಾರವೂ ತುಂಬದ ಮನೆಗೆ ಕ್ಷೇಮ ಕೇಳಿ ಬರೆಯುವಷ್ಟು ನಾಚಿಕೆ ಬಿಟ್ಟವಳಲ್ಲ ನಾನು.

ಈ ಕಾಗದವನ್ನು ಜಿಯಾವುಲ್ಲಾ ಚಾಚಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ನಾಡಿದ್ದು ಮಂಗಳವಾರದ ವಿಚಾರಣೆಗೆ ಮುಂಚೆ ನಿನಗೆ ಸಿಗುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಅತ್ತುಬಿಡುತ್ತೇನೆ, ಆಮೇಲೆ ನೀನೇ ನನ್ನನ್ನು ಸಮಾಧಾನ ಮಾಡುತ್ತ ಕೂರುತ್ತೀಯ. ಅಂಥ ಅನ್ಯಾಯ ಬೇಡ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇದರಲ್ಲಿ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳದೆ ಓದು. ಕಾರಣ ಇದೆ.

ಶುಕ್ರವಾರ ಮ್ಯಾನೇಜರ್ ಪಂಚಾಕ್ಷರಿ ನನ್ನನ್ನು ಕರೆದು, ವಿಚಾರಣೆಗೆ ಕಂಪನಿ ಕೊಡಲಿರುವ ಹೇಳಿಕೆಯನ್ನು ಓದಿಸಿದ. ಅದರಲ್ಲಿ ಹೀಗಿದೆ: ಸದರಿ ಕಾರ್ಮಿಕ ಶ್ರೀನಿವಾಸ್ ಊಟದ ನಂತರ ಯಾರ ಅಪ್ಪಣೆಯೂ ಇಲ್ಲದೆ ನಿದ್ದೆ ಮಾಡುವ ಸಲುವಾಗಿ ಗುಂಡಿಗೆ ಇಳಿದಿರುತ್ತಾನೆ, ಮದ್ಯ ಸೇವಿಸಿರುವ ಸಂಭವವಿರುತ್ತದೆ, ಸುರಕ್ಷತೆಯ ತರಬೇತಿಯನ್ನು ಅವನಿಗೆ ಮೊದಲೇ ನೀಡಲಾಗಿರುತ್ತದೆ. ಹೊರದೇಶದವರು ರಾತ್ರಿ ಸುಖವಾಗಿ ನಿದ್ದೆ ಮಾಡಲೆಂದು ಹನ್ನೊಂದು ವರ್ಷ ಕಾಫಿಯಿಂದ ಕೆಫೀನ್ ತೆಗೆದವನು ನಿನ್ನ ಶ್ರೀನಿವಾಸ. ಅವನು ನಿದ್ದೆ ಮಾಡಲು ಗುಂಡಿಗಿಳಿದನಂತೆ. ಕುಡಿದಿದ್ದನಂತೆ. ಸತ್ತವನ ಬಾಯಿಗೆ ಹೆಂಡ ಸುರಿಯುವುದು ಎಷ್ಟು ಸುಲಭ ನೋಡು, ಉಗಿಯಲು ಅವನು ಎದ್ದು ಬರುವುದಿಲ್ಲ.

ಹಳೇ ಶೆಡ್ಡನ್ನು ನೆನಪು ಮಾಡಿಕೋ. ಹಸಿ ಬೀಜವನ್ನು ಆವಿಯಲ್ಲಿ ಉಬ್ಬಿಸಿ ಮೀಥೈಲೀನ್ ಕ್ಲೋರೈಡಿನಲ್ಲಿ ತೊಳೆಯುತ್ತಿದ್ದರು. ಆ ದ್ರಾವಕ ಕೆಫೀನನ್ನು ಎಳೆದುಕೊಂಡು ಬರುತ್ತಿತ್ತು, ಜೊತೆಗೆ ಅಲ್ಲಿ ನಿಂತವರ ಆಯಸ್ಸನ್ನೂ ಎಳೆಯುತ್ತಿತ್ತು. ಅದಕ್ಕೊಂದು ಸಿಹಿ ವಾಸನೆ. ಸಂಜೆ ನಮ್ಮವರು ಕೆ.ಆರ್. ಪುರದ ಬಸ್ಸು ಹತ್ತಿದರೆ, ಏನ್ ಗುರು ಬೆಳಿಗ್ಗೆಯಿಂದ್ಲೇ ಹಾಕ್ಕೊಂಡಿದೀರಾ, ಅಂತ ಕಂಡಕ್ಟರ್ ರೇಗಿಸುತ್ತಿದ್ದ. ನಡಿಗೆ ಹಾಗಿರುತ್ತಿತ್ತು. ಚಾಚಾನ ಕೈ ಈಗಲೂ ಲೋಟ ಹಿಡಿದರೆ ನಡುಗುತ್ತದೆ.

ಆ ಶೆಡ್ಡಿನಲ್ಲಿ ಕಂಪನಿ ಬರೆಯದ ಒಂದು ನಿಯಮವಿತ್ತು. ಟ್ಯಾಂಕಿಗೋ ಗುಂಡಿಗೋ ಇಳಿಯುವ ಮುಂಚೆ ಒಬ್ಬರು ಬಗ್ಗಿ ಮೂಸಬೇಕು. 'ಮೂಗು ಕೊಡೋದು' ಅಂತ ಅದಕ್ಕೆ ಹೆಸರು. ಶಿವಾಜಿನಗರದಿಂದ ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ಚಾಚಾನ ಮೂಗೇ ನಮ್ಮ ಹೈಕೋರ್ಟು. ಆತ ಬಗ್ಗಿ ಮೂಸಿ, ನಕ್ಕೋ ರೇ, ಅಭೀ ಮೀಠಾ ಹೈ, ಅಂದರೆ ಇಳಿಯುವಂತಿಲ್ಲ. ಇನ್ನೂ ಸಿಹಿ ಇದೆ, ಬೇಡ ಕಣೋ ಎಂದರ್ಥ. ಸಾಫ್ ಅಂದರೆ ಇಳಿಯಬಹುದು. ಹಾಗೆ ಮೂಗು ಕೊಟ್ಟೂ ಕೊಟ್ಟೂ ಎಷ್ಟೋ ಜೀವ ಉಳಿದವು. ಕಂಪನಿ ಕೊಡದ ಅಲಾರಂ ಅದು.

ಆ ವಿಷ ಬೇಡ ಎಂದು ನಾವು ಗೇಟಿನ ಮುಂದೆ ಕೂತೆವು. ಹದಿನೇಳು ದಿನ. ಬೀಜ ಆರಿಸುವ ಹೆಂಗಸರನ್ನೆಲ್ಲ ಎಬ್ಬಿಸಿ ಕರೆತಂದವಳು ನೀನು. ಲ್ಯಾಬಿನ ಕೋಟು ಕಳಚಿಟ್ಟು ಬಂದು ಕೂತ ಕೆಮಿಸ್ಟು ನಾನೊಬ್ಬಳೇ. ಹಾವೇರಿಯಲ್ಲಿ ಕಾಲೇಜು ಓದುವಾಗಲೇ ಚಳವಳಿಯಲ್ಲಿ ಘೋಷಣೆ ಕೂಗಿ ಗಂಟಲು ಪಳಗಿಸಿಕೊಂಡವಳು, ಸುಮ್ಮನಿರುತ್ತೇನೆಯೇ? ಬೇರೆ ದಾರಿ ಇದೆ ಎಂದು ಭಾಷಣ ಬಿಗಿದೆ. ಕಾರ್ಬನ್ ಡೈಆಕ್ಸೈಡನ್ನು ವಿಪರೀತ ಒತ್ತಡದಲ್ಲಿಟ್ಟರೆ ಗಾಳಿಯ ಹಾಗೆ ಬೀಜದೊಳಕ್ಕೆ ನುಗ್ಗುತ್ತದೆ, ನೀರಿನ ಹಾಗೆ ಕೆಫೀನನ್ನು ಕರಗಿಸಿಕೊಂಡು ಬರುತ್ತದೆ, ಒತ್ತಡ ಬಿಟ್ಟರೆ ಹಾರಿಹೋಗುತ್ತದೆ, ಬೀಜದಲ್ಲೂ ವಿಷ ಉಳಿಯುವುದಿಲ್ಲ, ನಿಮ್ಮ ತಲೆಗೂ ಏರುವುದಿಲ್ಲ ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಆಗ ಗೇಟಿನ ಪಕ್ಕದ ಅಂಗಡಿಯಿಂದ ಒಂದು ಗೋಲಿ ಸೋಡಾ ತರಿಸಿ, ಎಲ್ಲರ ಎದುರಿಗೆ ಒಡೆದು ಗಟಗಟ ಕುಡಿದೆ. ಇದರೊಳಗಿರೋದೇ ಆ ಗ್ಯಾಸು, ನೋಡಿ, ಸತ್ತೆನಾ, ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀನಿವಾಸ ಹಿಂದಿನಿಂದ ಕೂಗಿದ: ಮೇಡಂ, ಹಂಗಾದ್ರೆ ಇನ್ಮೇಲೆ ತಲೆ ತಿರಗಲ್ಲ, ತೇಗ್ ಬರುತ್ತೆ ಅಷ್ಟೇ! ನೀನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ.

ನಾವು ಗೆದ್ದೆವು. ಗೆಲ್ಲಿಸಿದ್ದು ನಮ್ಮ ಹೋರಾಟವೋ, ಹಸಿರು ವಿಧಾನದ ಕಾಫಿಯೇ ಬೇಕೆಂದ ಹೊರಗಿನ ಖರೀದಿದಾರರೋ, ಅದನ್ನು ಈಗ ಅಳೆಯಲಾರೆ. ಹೊಸ ಶೆಡ್ಡು ಎದ್ದಿತು. ಹಸಿರು ಬಣ್ಣ, ಹಸಿರು ಬೋರ್ಡು. ಎರಡಾಳು ಎತ್ತರದ ಉಕ್ಕಿನ ಪಾತ್ರೆಯ ಬಾಯಿ ಕೈಗೆಟುಕಲೆಂದು, ನೆಲದಲ್ಲಿ ಗುಂಡಿ ತೋಡಿ ಅದನ್ನು ನಿಲ್ಲಿಸಿದರು. ಎಲ್ಲಿ ತೋಡಿದರೆಂದು ನಿನಗೆ ಗೊತ್ತು. ನಿನ್ನ ಮಾವ ಮುನಿವೆಂಕಟಪ್ಪನವರ ರಾಗಿ ಹೊಲದ ಬಾವಿ ಇದ್ದ ಜಾಗದಲ್ಲಿ. ಹೊಲ ಕಿತ್ತುಕೊಂಡು ಮಗನಿಗೆ ಕೆಲಸ ಕೊಟ್ಟ ಕಂಪನಿ, ಕೊನೆಗೆ ಅದೇ ಹೊಲದಲ್ಲಿ ಮಗನನ್ನೂ ಕಿತ್ತುಕೊಂಡಿತು.

ಒಂದೊಂದು ಪಾಳಿ ಬೀಜ ಮುಗಿದಾಗಲೂ ಪಾತ್ರೆಯಲ್ಲಿ ಉಳಿದ ಗ್ಯಾಸನ್ನು ಪೈಪಿನ ಮೂಲಕ ಹೊರಗೆ ಬಿಡಬೇಕು. ಪೈಪು ಚಾವಣಿ ದಾಟಿ ಮೇಲಕ್ಕೆ ಹೋಗಬೇಕಿತ್ತು. ಖರೀದಿದಾರರು ನೋಡಲು ಬರುವ ತಾರೀಖು ಮೊದಲೇ ಗೊತ್ತಾಗಿತ್ತು, ಚಾವಣಿ ಕೆಲಸ ಆಗಿರಲಿಲ್ಲ, ಪೈಪನ್ನು ಶೆಡ್ಡಿನೊಳಗೆ ಗೋಡೆಯ ಬುಡಕ್ಕೇ ನಿಲ್ಲಿಸಿದರು. ಗುಂಡಿಯೊಳಗೆ ಗಾಳಿ ಅಳೆಯುವ ಅಲಾರಂ ಬರಬೇಕಿತ್ತು. ಬರಲಿಲ್ಲ. ಮುಂದಿನ ತಿಂಗಳು ಹಾಕ್ಸೋಣ ತಗೋರಿ, ಅಂದ ಪಂಚಾಕ್ಷರಿ. ಈ ಗ್ಯಾಸು ಗಾಳಿಗಿಂತ ಭಾರ, ಯಮುನಾ. ತಗ್ಗು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ ತುಂಬಿಕೊಳ್ಳುತ್ತದೆ. ನಾನು ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಗೇಟಿನ ಮುಂದೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಚಪ್ಪಾಳೆ ಬೀಳುತ್ತಿರಲಿಲ್ಲ.

ಈಗ ಮೊದಲನೇ ತಪ್ಪೊಪ್ಪಿಗೆ. ತರಬೇತಿ ಕೊಟ್ಟಿದ್ದೇನೆಂದು ರಿಜಿಸ್ಟರಿನಲ್ಲಿ ಸಹಿ ಹಾಕಿದವಳು ನಾನು. ಖರೀದಿದಾರರು ಕಾಗದ ಕೇಳುತ್ತಾರೆ, ತರಬೇತಿ ಆಮೇಲೆ ಕೊಡೋಣ, ನೀವು ನಮ್ ಕಡೆ ಹೆಣ್ಮಗಳು, ಇಷ್ಟು ಮಾಡ್ರಿ ಸಾಕು, ಅಂದ ದಾವಣಗೆರೆಯ ಪಂಚಾಕ್ಷರಿ. ನಮ್ಮ ಶೆಡ್ಡು ನಿಂತುಹೋಗಬಾರದು, ಮತ್ತೆ ಆ ಸಿಹಿ ವಿಷಕ್ಕೆ ಮರಳಬಾರದು ಎಂದುಕೊಂಡು ಸಹಿ ಹಾಕಿದೆ. ನಾವು ಕೊಟ್ಟ ತರಬೇತಿ ಎಂದರೆ ಆ ಗೋಲಿ ಸೋಡಾ ಒಂದೇ. ಬೇರೇನೂ ಕೊಟ್ಟಿಲ್ಲ.

ಆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಮುಗಿದು ಗ್ಯಾಸು ಬಿಟ್ಟಿದ್ದರು. ಶ್ರೀನಿವಾಸ ಗುಂಡಿಗೆ ಇಳಿದ. ಇಳಿಯುವ ಮುಂಚೆ ಹಳೇ ಪದ್ಧತಿಯಂತೆ ಯಾರೋ ಮೂಗು ಕೊಟ್ಟರು. ಸಿಹಿ ಇರಲಿಲ್ಲ. ಸಿಹಿ ಇಲ್ಲದಿದ್ದರೆ ಸಾಫ್. ಹನ್ನೊಂದು ವರ್ಷ ಅವನನ್ನು ಕಾಪಾಡಿದ ನಿಯಮವೇ ಅವನನ್ನು ಕೆಳಕ್ಕೆ ಇಳಿಸಿತು. ಏಣಿಯ ಕೊನೆಯ ಮೆಟ್ಟಿಲಲ್ಲಿ ಕೂತವನು ಹಾಗೇ ಮುಂದಕ್ಕೆ ವಾಲಿದ. ಕೂಗು ಕೇಳಿ ನಾನು ಲ್ಯಾಬಿನಿಂದ ಓಡಿಬಂದೆ. ಚಾಚಾ ಇಳಿಯಲು ಹೊರಟಿದ್ದ, ನಾಲ್ಕು ಜನ ಹಿಡಿದುಕೊಂಡರು. ಹಗ್ಗ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿನ ದಿನ ನಿನ್ನ ಮಾವ ನನ್ನ ಹತ್ತಿರ ಬಂದು ಕೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಅಮ್ಮಣ್ಣಿ, ನಾವು ಬಾವಿಗಿಳಿಯೋ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡ್ತಿದ್ವಿ, ದೀಪ ಆರೋದ್ರೆ ಯಾರೂ ಇಳೀತಿರ್ಲಿಲ್ಲ, ನಿಮ್ ಕಂಪ್ನೀಲಿ ಒಬ್ರೂ ದೀಪ ಬಿಡ್ನಿಲ್ವಾ, ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಗೊತ್ತಿಲ್ಲದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದರು. ಅಕ್ಷರ ಬಾರದ ಮನುಷ್ಯ. ಅದೇ ಜಾಗದಲ್ಲಿ, ಅದೇ ಗಾಳಿಯನ್ನು, ಒಂದು ಚಿಮಣಿ ಬುಡ್ಡಿಯಿಂದ ಅಳೆದು ಬದುಕಿದವರು. ನಾನು ಎಂ.ಎಸ್ಸಿ. ಓದಿದವಳು.

ನಿನ್ನ ಅತ್ತೆ ಚಿಕ್ಕಮುನಿಯಮ್ಮನವರು ಕೇಳುತ್ತಿದ್ದಾರಂತಲ್ಲ, ನನ್ನ ಮಗ ಕುಡಿದಿದ್ನಾ ಅಂತ. ಚಾಚಾ ಹೇಳಿದ. ಅವರಿಗೆ ಹೇಳು: ಇಲ್ಲ. ಮಲಗಲೂ ಹೋಗಿರಲಿಲ್ಲ. ಕೆಲಸಕ್ಕೇ ಇಳಿದ. ಇದನ್ನು ಮಂಗಳವಾರ ಅಧಿಕಾರಿಯ ಮುಂದೆ ನಾನೇ ಹೇಳುತ್ತೇನೆ. ಸಹಿ ಸುಳ್ಳೆಂದೂ, ಪೈಪು ಗೋಡೆಯ ಬುಡದಲ್ಲಿತ್ತೆಂದೂ, ಅಲಾರಂ ಬಂದೇ ಇರಲಿಲ್ಲವೆಂದೂ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಹಸಿರು ಬೋರ್ಡಿನ ಹಿಂದೆ ಹೆಣ ಮುಚ್ಚಿಡಲು ಬಿಡುವುದಿಲ್ಲ.

ಇನ್ನೊಂದು ಮಾತು. ನೀನು, ಹೊಸ ಶೆಡ್ಡಿಗೆ ಹೋಗು ಹೋಗು ಎಂದು ಅವನನ್ನು ಒತ್ತಾಯ ಮಾಡಿದವಳು ನಾನೇ, ಎಂದು ಎದೆ ಬಡಿದುಕೊಂಡೆ. ಆ ಹೊರೆಯನ್ನು ಇಳಿಸು. ಅದು ನಿನ್ನದಲ್ಲ.

ನಿನ್ನ ಎದುರು ಕೂರಲು ಧೈರ್ಯ ಸಾಲದ,
ಪ್ರತಿಭಾ

ತಾ.ಕ.: ಸಹಿ ಹಾಕಿದ ಮೇಲೆ ಮೊದಲಿನಿಂದ ಓದಿದೆ. ಕೂಗು ಕೇಳಿ ಲ್ಯಾಬಿನಿಂದ ಓಡಿಬಂದೆ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಕೂಗಿದವಳೇ ನಾನು.

ಪಾಳಿ ಮುಗಿದ ಬೀಜದ ಮಾದರಿ ತೆಗೆದುಕೊಳ್ಳಲು ಹೋಗಿದ್ದೆ. ನನ್ನ ಸ್ಟೀಲ್ ಡಬ್ಬಿ ಕೈಜಾರಿ ಗುಂಡಿಗೆ ಬಿತ್ತು. ಇನ್ನೊಂದು ಡಬ್ಬಿ ತುಂಬಿಕೊಳ್ಳಬಹುದಿತ್ತು. ಅಯ್ಯೋ ಸೀನ, ಬಿತ್ತಲ್ಲೋ, ಅಂದೆ. ಅಷ್ಟಕ್ಕೇ ಶ್ರೀನಿವಾಸ ಏಣಿಗೆ ಕಾಲಿಟ್ಟ. ಚಾಚಾ ದೂರದಲ್ಲಿ ಕಂಪ್ರೆಸರ್ ಹತ್ತಿರ ಇದ್ದ. ಚಾಚಾ ಅಲ್ಲೆಲ್ಲೋ ಅವ್ನೆ, ಇವತ್ ನೀವೇ ಮೂಗ್ ಕೊಡಿ ಮೇಡಂ, ಎಂಎಸ್ಸಿ ಮೂಗು ಸುಳ್ಳೇಳಲ್ಲ, ಅಂತ ನಕ್ಕ. ನಾನೂ ನಗುತ್ತಲೇ ಬಗ್ಗಿದೆ. ಸಿಹಿ ಇರಲಿಲ್ಲ. ಮೂಗಿನ ತುದಿಯಲ್ಲಿ ಚುರುಕ್ ಎಂದಿತು, ಸೋಡಾ ಕುಡಿಯುವಾಗ ನೆತ್ತಿಗೇರುತ್ತದಲ್ಲ, ಹಾಗೆ. ಗೇಟಿನ ಚಪ್ಪಾಳೆ ನೆನಪಾಯಿತು, ಯಮುನಾ. ಖುಷಿಯಾಯಿತು. ಸಾಫ್, ಇಳಿ ಅಂದೆ.

ಚಾಚಾ ದೂರದಿಂದ ಎಲ್ಲವನ್ನೂ ನೋಡಿದ್ದಾನೆ. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಪಂಚಾಕ್ಷರಿಗೂ ಗೊತ್ತು. ನೀವು ಅಲ್ಲಿ ಇರ್ಲಿಲ್ಲ ಅಂತ್ಲೇ ಬರ್ದೀವಿ ನೋಡ್ರಿ, ಎಂದು ಹೇಳಿಕೆಯ ಕಾಗದವನ್ನು ನನ್ನ ಕಡೆ ಸರಿಸಿದ. ನನ್ನ ಬಾಯಿಗೆ ಅವನು ಹಾಕಿದ ಬೀಗ ಅದು.

ನನ್ನ ನಾಲಿಗೆಯನ್ನು ನಾನೇ ನಂಬುವುದಿಲ್ಲ. ನಿನಗೆ ಬರೆಯುವ ಕಾಗದದಲ್ಲೇ ಸುಳ್ಳು ಹೇಳಿದವಳು ಅಧಿಕಾರಿಯ ಮುಂದೆ ಏನು ಹೇಳುತ್ತಾಳೋ. ಅದಕ್ಕೇ ಗೊತ್ತಿರುವುದನ್ನೂ ಬಿಡದೆ ಬರೆದೆ, ಹೊರಗಿನವರು ಓದಿದರೂ ತಿಳಿಯಲೆಂದು. ಮಂಗಳವಾರ ನಾನು ತಡವರಿಸಿದರೆ ಎದ್ದು ನಿಂತು ಇದನ್ನು ಅವರ ಮೇಜಿನ ಮೇಲಿಡು. ಕೈಬರಹ ನನ್ನದೇ. ಡಬ್ಬಿ ಈಗಲೂ ಗುಂಡಿಯಲ್ಲೇ ಬಿದ್ದಿದೆ, ಮುಚ್ಚಳದ ಮೇಲೆ ನನ್ನ ಹೆಸರಿದೆ.