ಒಂದೇ ಬಾಗಿಲಿನ ಸಿನಿಮಾ

ಶನಿವಾರ, ಬೆಳಿಗ್ಗೆ

ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈದರೂ ಸರಿ, ನಗಬೇಡ: ನಿನ್ನಪ್ಪ ಸಿನಿಮಾದಲ್ಲಿದ್ದಾನೆ! ಊರೂರು ತಿರುಗಿ, ಹಾಡಿಕೊಂಡು ಉಪದೇಶ ಮಾಡುವ ಮುದುಕನ ಕಥೆ. ನಟನನ್ನು ಕರೆಸುವ ಶಕ್ತಿ ಇಲ್ಲವೆಂದು ಅಂಥ ಮುದುಕನನ್ನೇ ಹಿಡಿದು ತಂದಿದ್ದಾರೆ.

ನಿರ್ದೇಶಕಿ ನಿನಗಿಂತ ಚಿಕ್ಕವಳು, ಬಾಯಿ ಮಾತ್ರ ಊರಗಲ. ಇಡೀ ಚಿತ್ರಕ್ಕೆ ಅವಳ ಬಳಿ ಇರುವುದು ಒಂದೇ ಬಾಗಿಲು. ಅದನ್ನು ವ್ಯಾನಿನ ಮೇಲೆ ಕಟ್ಟಿಕೊಂಡು ಹೋಗಿ ಬಯಲಲ್ಲಿ ನಿಲ್ಲಿಸುತ್ತಾರೆ. ಬೆಳಿಗ್ಗೆ ನೀಲಿ ಬಳಿದರೆ ಒಂದು ಊರು, ಮಧ್ಯಾಹ್ನ ಹಸಿರು ಬಳಿದರೆ ಇನ್ನೊಂದು. ನಾನು ಹಾಡುತ್ತಾ ಬಂದು ತಟ್ಟುತ್ತೇನೆ, ಬಾಗಿಲು ತೆರೆಯುತ್ತದೆ, ಆಚೆ ಮನೆಯೇ ಇಲ್ಲ. ಬರೀ ಹುಲ್ಲು, ಮಂಜು, ಬಿಳಿ ಬೆಳಕು. ನನ್ನ ನಲವತ್ತು ವರ್ಷವೂ ಹೀಗೇ ಕಳೆಯಿತೇನೋ ಅನ್ನಿಸುತ್ತದೆ. ಎಷ್ಟು ಊರು, ಎಷ್ಟು ಬಾಗಿಲು!

ನನ್ನ ಗುರುಗಳ ಕಟ್ಟಳೆ ನಿನಗೆ ಗೊತ್ತಲ್ಲ: ಕೇಳುವವನು ಒಬ್ಬನಿದ್ದರೂ ಹಾಡನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ಇಲ್ಲಿ ಅದೇ ಫಜೀತಿ. ಅವಳು "ಕಟ್" ಅಂದರೂ ನಾನು ಹಾಡು ಮುಗಿಸಿಯೇ ಬಾಯಿ ಮುಚ್ಚುವುದು. "ತಾತಾ, ನಿಮ್ಗೆ ಬ್ರೇಕ್ ಎಲ್ಲಿದೆ ಹೇಳಿ," ಎಂದು ತಲೆ ಚಚ್ಚಿಕೊಳ್ಳುತ್ತಾಳೆ.

ನಿನ್ನೆ ಕೊನೆಯ ದೃಶ್ಯ. ಮುದುಕ ಮನೆಗೆ ಮರಳುತ್ತಾನೆ, ಮಗಳು ಬಾಗಿಲು ತೆರೆಯುತ್ತಾಳೆ. ಯಾವ ಬಣ್ಣ ಬಳಿಯೋಣ ಎಂದು ಕೇಳಿದಾಗ, ಬಾಯಿ ತಪ್ಪಿ, ನಮ್ಮ ಮನೆಯ ಕೆಂಪು ಹೇಳಿಬಿಟ್ಟಿದ್ದೆ. ಐದು ಸಲ ಹೋಗಿ ನಿಂತೆ. ತಟ್ಟಲು ಕೈ ಏಳಲಿಲ್ಲ.

"ಏನಾಯ್ತು ತಾತಾ?"

"ಈ ಮಗಳು ಯಾಕೆ ಬಾಗ್ಲು ತೆಗೀತಾಳಮ್ಮ? ಅವಳಿಗೆ ನಿಜ ಇನ್ನೂ ಗೊತ್ತಿಲ್ಲ, ಅದಕ್ಕೇ."

ಅವಳು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದಳು. "ಹಾಗಾದ್ರೆ ಮೊದ್ಲು ಅವಳಿಗೆ ಬರೀರಿ. ಉತ್ತರ ಬರೋವರೆಗೂ ಆ ಬಾಗ್ಲಿಗೆ ಬೇರೆ ಬಣ್ಣ ಬಳಿಯಲ್ಲ," ಅಂದಳು.

ಅದಕ್ಕೇ ಈ ಕಾಗದ. ನನ್ನ ಮಂಡಿನೋವು ಹಾಗೇ ಇದೆ, ಚಿಂತೆ ಬೇಡ. ಮೊಮ್ಮಗಳಿಗೆ ಮುತ್ತು. ನಿನ್ನ ಸಂಸಾರ ನೂರು ಕಾಲ ತಣ್ಣಗಿರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿದ್ದೆ ಅನ್ನುವುದೂ ಸುಳ್ಳೇ. ನಿನ್ನಮ್ಮ ತೀರಿಹೋದ ದಿನ, ನಾನು ನಿನಗೆ ಹೇಳಿದ ಹಾಗೆ ಬಸ್ಸು ತಪ್ಪಿರಲಿಲ್ಲ, ಮಗಳೇ. ಬೆಳಿಗ್ಗೆಯೇ ಊರು ಮುಟ್ಟಿ, ನಮ್ಮ ಹಿಂದಿನ ಬೀದಿಯಲ್ಲೇ ಹಾಡುತ್ತಿದ್ದೆ. ಪಕ್ಕದ ಮನೆ ದರ್ಜಿ ಓಡಿ ಬಂದು, "ಬೇಗ ಬನ್ನಿ, ನಿಮ್ಮನ್ನೇ ಕೇಳ್ತಿದಾರೆ," ಅಂದ. ಪಾಪ, ಅವನು ಇವತ್ತಿಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ತಾಳು ಎಂದು ಸನ್ನೆ ಮಾಡಿ ಹಾಡು ಮುಗಿಸಿದೆ. ಅದು ಕಟ್ಟಳೆ. ಜನ "ಇನ್ನೊಂದು" ಅಂದರು. ಆ ಇನ್ನೊಂದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಅದನ್ನೂ ಹಾಡಿದೆ.

ನೀನು ಬಾಗಿಲು ತೆರೆಯುತ್ತೀಯೋ ಇಲ್ಲವೋ, ಒಂದು ಸಾಲು ಬರೆ. ಇಲ್ಲ ಅಂದರೆ ಸಿನಿಮಾದಲ್ಲೂ ಹಾಗೇ ತಿದ್ದಲು ಹೇಳುತ್ತೇನೆ.