ಒಗೆಯದೆ ತಂದ ಕರವಸ್ತ್ರ

ಅಪ್ಪಾ,

ಮಾಜಿ ಸೈನಿಕರು ಇನ್ನು ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು ಎಂಬ ಕಾನೂನು ಬಂತು, ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ. ಸೇನಾ ಆಸ್ಪತ್ರೆಗೆಂದು ಎಂಟು ಗಂಟೆ ಬಸ್ಸಿನಲ್ಲಿ ಕೂರಬೇಕಾಗಿಲ್ಲ. ಇವತ್ತು ಅಣ್ಣನನ್ನು ಕರೆದುಕೊಂಡು ಬಂದೆ, ಮನೆಯಿಂದ ಎರಡೇ ಬೀದಿ ಆಚೆಗಿನ ಆಸ್ಪತ್ರೆಗೆ.

ಡಾಕ್ಟರ್ ಚಿಕ್ಕ ವಯಸ್ಸಿನವಳು. "ಏನು ತೊಂದರೆ?" ಎಂದು ಕೇಳಿದ್ದೇ ತಡ, ಅಣ್ಣ ಎದ್ದು ನೆಟ್ಟಗೆ ನಿಂತ.

"ಏನೂ ಇಲ್ಲ ಮೇಡಂ, ಫಿಟ್ ಆಗಿದ್ದೀನಿ."

ಥೇಟ್ ನಿಮ್ಮ ಹಾಗೆ. ಕಾಯಿಲೆ ಎಂದು ಬಾಯಿಬಿಟ್ಟರೆ ಸೇನೆಯಿಂದ ಮನೆಗೆ ಕಳಿಸುತ್ತಾರೆ ಎಂದು ಕಲಿಸಿದವರು ನೀವೇ ತಾನೆ? ಅವನು ನಿವೃತ್ತನಾಗಿ ಹನ್ನೊಂದು ವರ್ಷವಾಯಿತು, ಅವನ ನಾಲಿಗೆ ಮಾತ್ರ ಇನ್ನೂ ನಿವೃತ್ತವಾಗಿಲ್ಲ.

"ಮತ್ತೆ ಯಾಕೆ ಬಂದ್ರಿ?" ಡಾಕ್ಟರ್ ನಕ್ಕಳು. ಅಣ್ಣ ನನ್ನ ಕಡೆ ನೋಡಿದ. ಅದೇ ನೋಟ ಅಪ್ಪಾ, ಸೇನಾ ಆಸ್ಪತ್ರೆಯಲ್ಲಿ ನೀವು ನನ್ನನ್ನು ನೋಡಿದ್ದು. ನೀವು ಏನೂ ಇಲ್ಲ ಎಂದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತುಬಿಟ್ಟೆ.

ಇವತ್ತು ಬ್ಯಾಗಿನಿಂದ ಅವನ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಒಗೆಯುವ ಬಟ್ಟೆಗಳ ನಡುವೆ ಸಿಕ್ಕಿದ್ದನ್ನು ಹಾಗೇ ತಂದಿದ್ದೆ. ರಕ್ತದ ಕಲೆ ಕಂಡು ಡಾಕ್ಟರ್ ಮುಖದ ನಗು ನಿಂತಿತು.

ಈಗ ಅವನು ಸ್ಕ್ಯಾನ್ ಕೋಣೆಯಲ್ಲಿದ್ದಾನೆ. ಹೊರಗಿನ ಬೆಂಚಿನಲ್ಲಿ ಕೂತು ಚೀಟಿಯ ಹಿಂಬದಿಯಲ್ಲಿ ಇದನ್ನು ಗೀಚುತ್ತಿದ್ದೇನೆ. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ. ಆರಿದರೆ ಏನು ಹೇಳುತ್ತಾರೋ ಎಂಬ ಭಯವಿದೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಹೋಗುವ ಮುಂಚೆ ಅಣ್ಣ ಮೆಲ್ಲಗೆ ಕೇಳಿದ್ದಕ್ಕೆ ಏನು ಹೇಳಲಿ ಎಂಬ ಭಯ:

"ಅಪ್ಪನ ಕರವಸ್ತ್ರಾನೂ ನೀನೇ ಅಲ್ವೇನೇ ಒಗೀತಿದ್ದದ್ದು?"